ಯಜಮಾನರ ಹೂಂಕಾರ

ಟೀಚರಮ್ಮನಿಗೆ ಗಂಡನ ಮೇಲಿದ್ದ ದೂರು ಒಂದೂವರೆ ಅಕ್ಷರದ್ದು: ‘ಹೂಂ’.

ಕುಡಿಯುವ ಗಂಡಸಲ್ಲ, ಕೂಗಾಡುವ ಗಂಡಸಲ್ಲ, ಬಡಿಸಿದ್ದಕ್ಕೆ ಹೆಸರಿಡುವ ಗಂಡಸೂ ಅಲ್ಲ. ಆದರೆ ಏನು ಹೇಳಿದರೂ ಹೂಂ. “ಗ್ಯಾಸ್ ಮುಗೀತು ರೀ” ಅಂದರೆ ಹೂಂ. “ನಲ್ಲಿ ಸೋರ್ತಿದೆ” ಅಂದರೆ ಹೂಂ. ಒಮ್ಮೆ ರೋಸಿಹೋಗಿ ಅಡುಗೆಮನೆಯಿಂದಲೇ, “ರೀ, ಇಲ್ಲಿ ಸಿಂಕಿನ ಕೆಳಗೆ ಒಂದು ಆನೆ ಮಲಗಿದೆ” ಅಂದಿದ್ದಳು. “ಹೂಂ, ನಾಳೆ ನೋಡೋಣ” ಅಂತ ಉತ್ತರ ಬಂದಿತ್ತು.

ಉರಿಯುವ ಗಾಯಕ್ಕೆ ಉಪ್ಪು ಸವರುವಂತಿದ್ದದ್ದು ಯಜಮಾನರ ಕಸುಬು. ಅವರದ್ದು ಕಿವಿಯಂತ್ರದ ಅಂಗಡಿ. ಕಿವಿ ಮಂದವಾದವರನ್ನು ಎದುರಿಗೆ ಕೂರಿಸಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದು, ಮುಖದಿಂದ ಕಣ್ಣು ಕೀಳದೆ ಅವರ ಕಥೆಯೆಲ್ಲ ಕೇಳುತ್ತಿದ್ದರು. “ಹೆತ್ತ ಮಕ್ಕಳೂ ನನ್ನ ಮಾತನ್ನ ಇಷ್ಟು ಗಮನ ಕೊಟ್ಟು ಕೇಳಿಲ್ಲಪ್ಪ” ಅಂತ ಅಜ್ಜಿಯರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಊರೆಲ್ಲ ಅವರನ್ನು ‘ಕಿವಿ ಡಾಕ್ಟರ್’ ಅನ್ನುತ್ತಿತ್ತು. (ಡಾಕ್ಟರ್ ಅಲ್ಲ. ಆದರೆ ಬಿಳಿ ಕೋಟು ಹಾಕುತ್ತಿದ್ದರು, ಯಾರಾದರೂ ಡಾಕ್ಟರೇ ಅಂದರೆ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ.)

ಮನೆಯಲ್ಲೂ ಅತ್ತೆ ಕರೆದರೆ ಮಾತ್ರ “ಏನಮ್ಮಾ?” ಅಂತ ತಟ್ಟನೆ ಓಗೊಡುತ್ತಿದ್ದರು. ಅತ್ತೆಯವರು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿ ನಿವೃತ್ತರಾದವರು. ಮೈದಾನದ ಈ ತುದಿಯಲ್ಲಿ ನಿಂತು “ಎಡಕ್ಕೆ ತಿರುಗ್!” ಅಂದರೆ ಆ ತುದಿಯಲ್ಲಿ ಮೇಯುತ್ತಿದ್ದ ದನವೂ ಎಡಕ್ಕೆ ತಿರುಗುತ್ತಿತ್ತಂತೆ. ಟೀಚರಮ್ಮನದು ಶಿಶುವಿಹಾರದ ಕೆಲಸ. ಅಲ್ಲಿ ಮಕ್ಕಳು ಬೆಚ್ಚಬಾರದು ಅಂತ ಹತ್ತಿ ಉದುರಿದ ಹಾಗೆ ಮಾತಾಡಿ ಮಾತಾಡಿ ದನಿಯೇ ಹಾಗಾಗಿಬಿಟ್ಟಿತ್ತು. ‘ಅಮ್ಮನ ಮಾತಿಗೆ ಕಿವಿ, ಹೆಂಡತಿ ಮಾತಿಗೆ ಹೂಂ’ ಅನ್ನುವ ತೀರ್ಮಾನಕ್ಕೆ ಅವಳು ಬಂದು ಬಹಳ ಕಾಲವಾಗಿತ್ತು.

ಹೀಗಿರುವಾಗ ಅವಳಿಗೆ ವಿಜ್ಞಾನದ ಬಲ ಸಿಕ್ಕಿತು.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಕಲಿಸುವ ವಿಶೇಷ ತರಬೇತಿಗೆ ಅವಳು ಸೇರಿಕೊಂಡಿದ್ದಳು. ಪಾಸಾದರೆ ಅವಳ ಶಾಲೆಯಲ್ಲೇ ವಿಶೇಷ ಶಿಕ್ಷಕಿಯ ಹುದ್ದೆ ಕಾದಿತ್ತು. ಉಳಿದದ್ದು ಒಂದು ಪ್ರಾಜೆಕ್ಟ್ ಮಾತ್ರ, ಹೆಸರು ‘ಏಕವ್ಯಕ್ತಿ ಅಧ್ಯಯನ’. ನೂರಾರು ಜನರನ್ನು ಅಳೆಯಬೇಕಿಲ್ಲ. ಒಬ್ಬನೇ ವ್ಯಕ್ತಿ, ಅವನ ಒಂದೇ ವರ್ತನೆ. ಮೊದಲು ಸುಮ್ಮನೆ ಎಣಿಸಬೇಕು. ಆಮೇಲೆ ಉಪಾಯ ಹೂಡಿ ಬದಲಾಯಿಸಬೇಕು. ಕೊನೆಗೆ ಆ ಬದಲಾವಣೆ ನಿಮ್ಮ ಉಪಾಯದಿಂದಲೇ ಆಯಿತು, ಬೇರೆ ಯಾವ ಕಾರಣದಿಂದಲೂ ಅಲ್ಲ ಅಂತ ತೋರಿಸಬೇಕು. ಶಾಲೆಗೆ ರಜೆ ಬಿದ್ದಿದ್ದರಿಂದ ಮಕ್ಕಳು ಸಿಗುವಂತಿರಲಿಲ್ಲ.

“ಮನೇಲಿ ಯಾರೂ ಇಲ್ವಾ?” ಅಂತ ಕೇಳಿದರು ಗೈಡ್ ಮೇಡಂ.

“ಯಜಮಾನರಿದ್ದಾರೆ.”

“ಅವರಲ್ಲಿ ತಿದ್ದಬೇಕಾದ ವರ್ತನೆ ಏನಾದ್ರೂ ಇದೆಯಾ?”

“ಒಂದೇ ಸಾಕಾ ಮೇಡಂ?” ಅಂದಳು ಟೀಚರಮ್ಮ.

ಒಂದೇ ಸಾಕು, ಆದರೆ ಅವರ ಒಪ್ಪಿಗೆ ಬೇಕು ಅಂದರು ಮೇಡಂ. ಟೀಚರಮ್ಮ ಅಂದೇ ಸಂಜೆ ರೊಟ್ಟಿ ಬೇಯಿಸುತ್ತಾ, “ರೀ, ನಿಮ್ಮ ಮೇಲೆ ಒಂದು ಸಂಶೋಧನೆ ಮಾಡ್ತೀನಿ, ಆಗಬಹುದಾ?” ಅಂದಳು.

“ಹೂಂ” ಅಂದರು ಯಜಮಾನರು.

ಒಪ್ಪಿಗೆ ಸಿಕ್ಕಿತು.

ಎಣಿಸುವವರು ಇಬ್ಬರಿರಬೇಕು, ಇಬ್ಬರ ಲೆಕ್ಕವೂ ತಾಳೆಯಾಗಬೇಕು ಅನ್ನುವುದು ನಿಯಮ. ಎರಡನೆಯವರು ಅತ್ತೆ. ಇಬ್ಬರಿಗೂ ಒಂದೊಂದು ಬಟ್ಟಲು, ಹಳೆ ಅಂಗಿಗಳಿಂದ ಕಿತ್ತ ಗುಂಡಿಗಳು. ಒಂದು ಹೂಂಗೆ ಒಂದು ಗುಂಡಿ. ಆದರೆ ಅತ್ತೆ ಮೊದಲಿಗೇ ತಕರಾರು ತೆಗೆದರು.

“ಹೂಂನಲ್ಲಿ ಎಷ್ಟು ಥರ ಇದೆ ಗೊತ್ತೇನೇ? ಒಪ್ಪಿಗೆ ಹೂಂ ಬೇರೆ, ನಿದ್ದೆ ಹೂಂ ಬೇರೆ. ಸೊಂಟ ಹಿಡಿದು ಏಳುವಾಗ ಒಂದು ಹೂಂ ಬರುತ್ತೆ, ಅದನ್ನೂ ನನ್ನ ಮಗನ ತಲೆಗೆ ಕಟ್ತೀಯಾ?”

ಟೀಚರಮ್ಮ ಎರಡು ದಿನ ಕೂತು ವ್ಯಾಖ್ಯೆ ಬರೆದಳು: ‘ಎದುರಿನ ವ್ಯಕ್ತಿಯು ಪೂರ್ಣ ವಾಕ್ಯವೊಂದನ್ನು ಆಡಿದ ಕೂಡಲೇ, ಅರ್ಥವುಳ್ಳ ಯಾವ ಪದವನ್ನೂ ಒಳಗೊಳ್ಳದೆ, ಮೂಗಿನ ಮೂಲಕ ಹೊರಡಿಸಲಾಗುವ ಏಕಾಕ್ಷರ ಧ್ವನಿ.’

ಅತ್ತೆ ಕನ್ನಡಕ ಏರಿಸಿ ಓದಿದರು. “ಇಷ್ಟು ಬರೆಯೋ ಹೊತ್ತಿಗೆ ಅವನ ಬೆನ್ನಿಗೊಂದು ಗುದ್ದಿದ್ರೆ ಸರಿಹೋಗ್ತಿತ್ತು.”

ಮೊದಲ ಸಂಜೆ ಸೊಸೆಯ ಬಟ್ಟಲು ತುಂಬಿ ತುಳುಕಿತು. ಅತ್ತೆಯ ಬಟ್ಟಲಲ್ಲಿ ತಳ ಕಾಣುತ್ತಿತ್ತು.

“ಅತ್ತೆ, ಪೇಪರ್ ಓದೋವಾಗ ಸಾಲಾಗಿ ಅಂದ್ರಲ್ಲ!”

“ಅದು ಗಂಟಲು ಸರಿ ಮಾಡ್ಕೊಂಡಿದ್ದು.”

“ಅತ್ತೆ, ರೆಫರಿ ಒಂದು ಕಡೆ ವಾಲಿದ್ರೆ ಆಟ ರದ್ದಾಗುತ್ತೆ.”

ಆ ಮಾತು ಡ್ರಿಲ್ ಟೀಚರ್‌ಗೆ ನಾಟಿತು. ಮರುದಿನದಿಂದ ಅತ್ತೆ ಎಷ್ಟು ನಿಷ್ಪಕ್ಷಪಾತಿಯಾದರೆಂದರೆ ಮಗ ಸೀನಿದರೂ ಒಂದು ಗುಂಡಿ ಹಾಕಲು ಕೈ ಚಾಚುತ್ತಿದ್ದರು.

ಈ ಮೊದಲ ಹಂತಕ್ಕೆ ಬೇಸ್‌ಲೈನ್ ಅಂತ ಹೆಸರು. ಉಪಾಯ ಹೂಡುವ ಮುಂಚೆ ಮನುಷ್ಯ ಹೇಗಿದ್ದ ಅನ್ನುವುದಕ್ಕೆ ಸಾಕ್ಷಿ. ಏನನ್ನೂ ಬದಲಾಯಿಸಬಾರದು, ಯಾವಾಗಲೂ ಇದ್ದ ಹಾಗೇ ಇರಬೇಕು ಅಂದಿದ್ದರು ಮೇಡಂ.

“ಯಾವಾಗಲೂ ನಾನು ಬೈತೀನಿ ಮೇಡಂ.”

“ಹಾಗಾದ್ರೆ ಬೈಯ್ರಿ. ನಿಲ್ಲಿಸಿದ್ರೆ ಫಲಿತಾಂಶ ಕೆಟ್ಟುಹೋಗುತ್ತೆ.”

ಮದುವೆಯಾದಾಗಿನಿಂದ ಮನಸ್ಸಿನಲ್ಲಿ ಒಂದಿಷ್ಟು ಅಳುಕಿಟ್ಟುಕೊಂಡೇ ಬೈಯುತ್ತಿದ್ದ ಟೀಚರಮ್ಮ ಈಗ ವಿಜ್ಞಾನಕ್ಕಾಗಿ ಬೈಯತೊಡಗಿದಳು. ಅದರ ಸುಖವೇ ಬೇರೆ. ದಿನದ ಗುಂಡಿಗಳನ್ನು ಎಣಿಸಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದಳು. ಗೆರೆ ಹಾಳೆಯ ಮೇಲ್ಭಾಗದಲ್ಲೇ, ಹೆಚ್ಚೂಕಡಿಮೆ ಇಲ್ಲದೆ, ಮಟ್ಟಗೋಲಿಟ್ಟ ಹಾಗೆ ಓಡಿತು. ನಿನ್ನೆಯವರೆಗೆ ಕಣ್ಣಲ್ಲಿ ನೀರು ತರಿಸುತ್ತಿದ್ದ ಹೂಂಗಳನ್ನು ನೋಡಿ ಅವಳೀಗ, “ಎಂಥಾ ಸ್ಥಿರತೆ! ನನ್ನ ಯಜಮಾನರು ಚಿನ್ನ!” ಅಂತ ಹಿಗ್ಗಿದಳು.

“ಇಷ್ಟೆಲ್ಲ ಯಾಕೆ ಬೇಕು?” ಅಂತ ಅತ್ತೆ ಕೇಳಿದರು.

“ಆಂತರಿಕ ಸಿಂಧುತ್ವಕ್ಕೆ, ಅತ್ತೆ.”

“ಯಾರೇ ಅದು ಸಿಂಧು?”

“ಹುಡುಗಿ ಅಲ್ಲ. ಅವರು ಬದಲಾದ್ರೆ ಅದಕ್ಕೆ ನಾನೇ ಕಾರಣ ಅಂತ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡೋದು.”

“ಹಾಗೆ ಹೇಳು. ಎಲ್ಲಾ ಹೆಂಡಂದಿರೂ ಅದನ್ನೇ ಸಾಬೀತು ಮಾಡೋಕೆ ಒದ್ದಾಡೋದು” ಅಂದರು ಅತ್ತೆ.

ಉಪಾಯದ ದಿನ ಬಂತು. ಉಪಾಯ ಬಹಳ ಸರಳ: ಬೈಗುಳ ಬಂದ್. ಹೂಂ ಅಂದರೆ ಗಮನಿಸಬಾರದು, ಬಾಯಿ ಬಿಟ್ಟು ಒಂದು ವಾಕ್ಯ ಆಡಿದರೆ ಬಾಯ್ತುಂಬ ಹೊಗಳಬೇಕು, ಶಿಶುವಿಹಾರದಲ್ಲಿ ಮಕ್ಕಳನ್ನು ಹೊಗಳುವ ಹಾಗೆ. ಬೆಳಿಗ್ಗೆ ಒಲೆಯ ಕಡೆ ಮುಖ ಮಾಡಿಕೊಂಡೇ ಅವಳು ಶುರು ಮಾಡಿದಳು. “ರೀ, ಹಾಲು ಒಡೆದುಹೋಗಿದೆ.”

“ಒಡೀತಾ? ರಾತ್ರಿ ಫ್ರಿಜ್‌ನಲ್ಲಿ ಇಡೋದು ಮರೆತಿದ್ವಾ?” ಅಂತ ಹಾಲ್‌ನಿಂದ ಉತ್ತರ ಬಂತು.

ಟೀಚರಮ್ಮನ ಕೈಯಿಂದ ಸೌಟು ಜಾರಿತು. ಹೊಗಳಿಕೆ ಇನ್ನೂ ಶುರುವೇ ಆಗಿರಲಿಲ್ಲ ಅನ್ನುವುದು ಆ ಸಂತೋಷದಲ್ಲಿ ಅವಳ ಗಮನಕ್ಕೇ ಬರಲಿಲ್ಲ. ಓಡಿಬಂದು ಯಜಮಾನರ ಭುಜ ತಟ್ಟಿ, “ಜಾಣ! ಎಷ್ಟು ಚೆನ್ನಾಗಿ ಕೇಳಿಸಿಕೊಂಡು ಉತ್ತರ ಕೊಟ್ರಿ!” ಅಂದಳು.

ಯಜಮಾನರು ಗಾಬರಿಯಾದರು. “ನಿನಗೆ ಮೈ ಹುಷಾರಿಲ್ವೇನೇ?”

“ಭೇಷ್! ಇನ್ನೊಂದು ವಾಕ್ಯ!”

“ಅಮ್ಮಾ, ಸ್ವಲ್ಪ ಬಂದು ಇವಳ ಹಣೆ ಮುಟ್ಟಿ ನೋಡು!”

“ಎಂಥಾ ಉದ್ದದ ವಾಕ್ಯ!” ಅಂತ ಚಪ್ಪಾಳೆ ತಟ್ಟಿದಳು ಟೀಚರಮ್ಮ.

ಗ್ರಾಫಿನ ಗೆರೆ ಮಹಡಿಯಿಂದ ಬಿದ್ದ ಬಕೆಟ್ಟಿನ ಹಾಗೆ ಒಂದೇ ದಿನಕ್ಕೆ ಕೆಳಗಿಳಿಯಿತು, ಕೆಳಗೇ ಉಳಿಯಿತು. ಮನೆಯಲ್ಲಿ ಮಾತಿನ ಹೊಳೆ. ಯಜಮಾನರು ಅಂಗಡಿಯ ಕಥೆ ಹೇಳಿದರು, ನಲ್ಲಿ ರಿಪೇರಿ ಮಾಡಿಸಿದರು, ಹಿತ್ತಿಲಲ್ಲಿ ಹಕ್ಕಿ ಕೂಗಿದರೆ “ಕೇಳಿಸ್ತಾ? ಕೇಳಿಸ್ತಾ?” ಅಂತ ಕಿಟಕಿಗೆ ಓಡಿದರು. ಟೀಚರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೇಡಂಗೆ ಫೋನ್ ಮಾಡಿ ಹಾಡಿನ ದನಿಯಲ್ಲಿ ವರದಿ ಒಪ್ಪಿಸಿದಳು.

“ಸಂತೋಷ. ಈಗ ಹೊಗಳೋದು ನಿಲ್ಲಿಸಿ, ಮತ್ತೆ ಮೊದಲಿನ ಹಾಗೇ ಬೈಯ್ರಿ” ಅಂದರು ಮೇಡಂ.

“ಅಯ್ಯೋ! ಯಾಕೆ ಮೇಡಂ?”

“ಹೊಗಳಿಕೆ ನಿಂತರೆ ಹೂಂ ವಾಪಸ್ ಬರಬೇಕು. ಮತ್ತೆ ಹೊಗಳಿದರೆ ಮತ್ತೆ ಹೋಗಬೇಕು. ಆಗ ತಾನೇ ನಿಮ್ಮ ಹೊಗಳಿಕೆಯೇ ಕಾರಣ ಅಂತ ಗೊತ್ತಾಗೋದು? ಇಲ್ಲಾಂದ್ರೆ ಬೇರೆ ಏನೋ ಒಂದು ಅದೇ ದಿನ ಶುರುವಾಗಿರಬಹುದಲ್ಲ?”

ಟೀಚರಮ್ಮ ಎದೆ ಕಲ್ಲು ಮಾಡಿಕೊಂಡು ಬೈಯತೊಡಗಿದಳು. ಆದರೆ ಯಜಮಾನರು ಹಿಂದಿರುಗುವ ಲಕ್ಷಣವೇ ಕಾಣಲಿಲ್ಲ. ಬೈದರೆ ಉತ್ತರ ಕೊಟ್ಟರು. ಪೂರ್ಣ ವಾಕ್ಯಗಳಲ್ಲಿ, ಕಾರಣ ಸಮೇತ. ಅದೂ ಸಾಲದೆಂಬಂತೆ ಹಳೆಯ ವ್ಯವಹಾರಗಳೆಲ್ಲ ಒಂದೊಂದಾಗಿ ಮೇಲೆದ್ದವು.

“ಬೇಸಿಗೆ ಮುಗಿಯೋವರೆಗೂ ನಿನ್ನ ತಮ್ಮ ಇಲ್ಲೇ ಇರ್ತಾನೆ ಅಂತ ಫೋನ್‌ನಲ್ಲಿ ಹೇಳ್ತಿದ್ದೆಯಲ್ಲ, ಅದಕ್ಕೆ ನಾನು ಯಾವಾಗ ಒಪ್ಪಿದೆ?”

“ನೀವೇ ಹೂಂ ಅಂದಿದ್ರಿ!”

“ಈ ನೇರಳೆ ಬಣ್ಣದ ಪರದೆಗೆ?”

“ಅದಕ್ಕೂ ಹೂಂ ಅಂದಿದ್ರಿ!”

“ನಾನಾ? ಈ ಬಣ್ಣಕ್ಕಾ?”

ಟೀಚರಮ್ಮನಿಗೆ ಮೊದಲ ಬಾರಿಗೆ ಹೊಳೆಯಿತು. ಇಷ್ಟು ಕಾಲ ಈ ಮನೆಯನ್ನು ಅವಳು ಆಳಿದ್ದು ಆ ಒಂದೂವರೆ ಅಕ್ಷರದ ಬಲದಿಂದ. ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗೊಣಗಿಕೊಳ್ಳುವ ಸ್ವಾತಂತ್ರ್ಯವೂ ಹೋಯಿತು. ‘ಹೊಟ್ಟೆ ನೋಡು, ಗುಡಾಣ’ ಅಂತ ಪಾತ್ರೆಗಳಿಗೆ ಹೇಳಿಕೊಂಡರೆ, “ಗುಡಾಣ ಅಲ್ಲ, ಅಂಗಿ ಬಿಗಿ ಆಗಿರೋದು” ಅಂತ ಹಾಲ್‌ನಿಂದ ತಿದ್ದುಪಡಿ ಬರುತ್ತಿತ್ತು.

ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತು. ಗೆರೆ ಮೇಲೇಳಲೇ ಇಲ್ಲ. ಕೊನೆಗೆ ಅವಳು ಗಂಡನ ಕೈ ಹಿಡಿದುಕೊಂಡಳು.

“ರೀ, ನನಗೋಸ್ಕರ ಸ್ವಲ್ಪ ಕೆಟ್ಟುಹೋಗ್ರಿ. ಒಂದು ವಾರ ಸಾಕು. ಹೂಂ ಅನ್ನಿ.”

“ಯಾಕೆ ಅನ್ಲಿ? ಏನಕ್ಕೆ ಹೂಂ ಅಂತಿದ್ದೀನಿ ಅಂತ ಗೊತ್ತಾಗಬೇಡವಾ? ವಿಷಯ ಹೇಳು, ಯೋಚನೆ ಮಾಡಿ ಹೇಳ್ತೀನಿ.”

“ಇಷ್ಟು ಒಳ್ಳೆ ಮನುಷ್ಯ ಆಗಿ ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಲ್ರೀ!” ಅಂತ ಟೀಚರಮ್ಮ ಅತ್ತೇಬಿಟ್ಟಳು. ಒಬ್ಬ ಗಂಡಸು ಕೇಳಿಸಿಕೊಂಡನೆಂದು ಹೆಂಡತಿ ಅತ್ತದ್ದು ಬಹುಶಃ ಅದೇ ಮೊದಲಿರಬೇಕು.

ಆಮೇಲಿನ ಭಾನುವಾರ ಪವಾಡ ನಡೆಯಿತು. ಬೆಳಿಗ್ಗೆ ಮೆಷಿನ್‌ಗೆ ಬಟ್ಟೆ ಹಾಕಿ, ಒಗೆದು, ಹಗ್ಗಕ್ಕೆ ಹರವಿ ಒಳಗೆ ಬಂದ ಟೀಚರಮ್ಮ, “ತಿಂಡಿಗೆ ಬನ್ನಿ” ಅಂದಳು. ಯಜಮಾನರು ಹಾಸಿಗೆ ಎತ್ತಿ ಏನೋ ಹುಡುಕುತ್ತಿದ್ದರು.

“ಹೂಂ” ಅಂದರು.

ಟೀಚರಮ್ಮ ಉಸಿರು ಬಿಗಿಹಿಡಿದಳು. “ಬಿಸಿಲು ಜಾಸ್ತಿ ಅಲ್ವಾ?” “ಹೂಂ.” “ತಮ್ಮ ನಾಳೆ ಬರ್ತಾನಂತೆ.” “ಹೂಂ.” ಅತ್ತೆಯವರ ಬಟ್ಟಲಲ್ಲಿ ಗುಂಡಿಗಳು ಟಣ್ ಟಣ್ ಅಂದವು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೈ ಕೈ ಹಿಡಿದು ಕುಣಿದರು. ನಾಲ್ಕಾರು ದಿನ ಗೆರೆ ಬೆಟ್ಟ ಹತ್ತಿದ ಹಾಗೆ ಹತ್ತಿತು. ತಮ್ಮ ಬಂದು ಹಾಲ್‌ನಲ್ಲಿ ಠಿಕಾಣಿ ಹೂಡಿದ. ಮೇಡಂ, “ಇಂಥಾ ಗ್ರಾಫ್ ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ. ಈಗ ಮತ್ತೆ ಹೊಗಳಿ, ಮುಗಿಸಿಬಿಡಿ” ಅಂದರು.

ಟೀಚರಮ್ಮ ಮತ್ತೆ ಹೊಗಳಲು ಹೊರಟಳು. ಆದರೆ ಹೊಗಳೋಣ ಅಂದರೆ ಯಜಮಾನರ ಬಾಯಿಂದ ವಾಕ್ಯವೇ ಹೊರಡುತ್ತಿಲ್ಲ. ಹೂಂಗಳ ಮಧ್ಯೆ ಏನಾದರೂ ಸಿಗುತ್ತದೇನೋ ಅಂತ ಕಾದಳು. ಕೆಮ್ಮಿದ್ದನ್ನೂ ಹೊಗಳಿದಳು. ಭುಜ ತಟ್ಟಿ ತಟ್ಟಿ ಕೈ ನೋಯತೊಡಗಿತು. ಗೆರೆ ಜಗ್ಗಲಿಲ್ಲ.

ಒಂದು ಸಂಜೆ ನೋಡಿದರೆ ಯಜಮಾನರು ಟಾರ್ಚ್ ಹಿಡಿದು ಸೋಫಾದ ಕೆಳಗೆ ಅರ್ಧ ಹೊಕ್ಕಿದ್ದಾರೆ. ಅತ್ತೆ ಸಹನೆ ಕಳೆದುಕೊಂಡು ಮೈದಾನದ ದನಿ ತೆಗೆದರು. “ಏನೋ ಅದು, ವಾರದಿಂದ ಹುಡುಕ್ತಿರೋದು?”

ಯಜಮಾನರು ಧೂಳು ಮೆತ್ತಿದ ತಲೆಯನ್ನು ಹೊರಗೆ ತಂದರು. ಮುಖ ಸಣ್ಣದಾಗಿತ್ತು. “ಒಂದು ಸಣ್ಣ ವಸ್ತು ಅಮ್ಮ. ಕಡಲೆಬೀಜದಷ್ಟು. ಮೈ ಬಣ್ಣದ್ದು.”

ಟೀಚರಮ್ಮನಿಗೆ ನೆನಪಾಯಿತು. ಭಾನುವಾರ ಮೆಷಿನ್ನಿನ ತಳದಲ್ಲಿ ಅಂಥದ್ದೊಂದು ಸಿಕ್ಕಿತ್ತು. ಯಾವುದೋ ಮಗುವಿನ ಆಟಿಕೆಯ ಚೂರು ತನ್ನ ಚೀಲದಲ್ಲಿ ಬಂದಿರಬೇಕೆಂದು ಕಿಟಕಿಯ ಮೇಲಿಟ್ಟಿದ್ದಳು. ತಂದು ಅಂಗೈ ಚಾಚಿದಳು. ಯಜಮಾನರು ಅದನ್ನು ಎತ್ತಿಕೊಂಡು, ನೋಡಿ, ಮೂಸಿದರು. ಸೋಪಿನ ವಾಸನೆ.

“ಅಂಗಿ ಜೇಬಲ್ಲಿತ್ತು” ಅಂದರು. ಆಮೇಲೆ ಅವಳ ಎದುರಿಗೆ ಕುರ್ಚಿ ಎಳೆದು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. “ಕಂಪನಿಯವರು ಹೊಸ ಮಾದರಿ ಕಳಿಸಿದ್ರು. ಕಿವಿ ಒಳಗೇ ಕೂರುತ್ತೆ, ಯಾರಿಗೂ ಕಾಣಲ್ಲ. ಹಾಕ್ಕೊಂಡು ನೋಡಿದೆ. ನನಗೆ ಕಿವಿ ಮಂದವಾಗಿ ಎಷ್ಟೋ ವರ್ಷ ಆಯ್ತು ಕಣೇ. ಸಣ್ಣ ದನಿ ಕೇಳಿಸೋದೇ ಇಲ್ಲ. ಎದುರಿಗೆ ಕೂತರೆ ತುಟಿ ನೋಡಿ ತಿಳ್ಕೊಳ್ತೀನಿ. ನೀನು ಒಲೆ ಕಡೆ ತಿರುಗಿ ಮಾತಾಡ್ತೀಯ.”

“ಹೇಳಬಾರದಿತ್ತಾ?”

“ಕಿವಿಯಂತ್ರ ಮಾರೋನಿಗೇ ಕಿವಿ ಕೇಳಲ್ಲ ಅಂದ್ರೆ ಜನ ನಗಲ್ವಾ? ನೀನು ಮಾತಾಡ್ತಿದ್ದೀಯ ಅಂತ ಗೊತ್ತಾಗ್ತಿತ್ತು, ಏನು ಅಂತ ಗೊತ್ತಾಗ್ತಿರಲಿಲ್ಲ. ಸುಮ್ಮನಿದ್ರೆ ನೊಂದ್ಕೋತೀಯ ಅಂತ ಹೂಂ ಅಂತಿದ್ದೆ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಟೀಚರಮ್ಮ ಗಂಡನ ಮುಖಕ್ಕೆ ನೇರವಾಗಿ ತಿರುಗಿ, ತುಟಿಗಳನ್ನು ಚೆನ್ನಾಗಿ ಆಡಿಸುತ್ತಾ ಕೇಳಿದಳು: “ಅದನ್ನ ಹಾಕ್ಕೊಂಡ ಮೊದಲ ದಿನ ಯಾವುದು?”

“ಹಾಲು ಒಡೆದ ದಿನ.”

ಆಂತರಿಕ ಸಿಂಧುತ್ವ ಮೆಷಿನ್ನಿನ ನೀರಿನ ಜೊತೆ ಮೋರಿಗೆ ಹರಿದುಹೋಗಿತ್ತು. ಹೂಂ ನಿಂತದ್ದು ಕಡಲೆಬೀಜದಿಂದ. ವಾಪಸ್ ಬಂದದ್ದು ಅವಳೇ ಅದನ್ನು ಒಗೆದದ್ದರಿಂದ. ಹೊಗಳಿಕೆಯ ಪಾತ್ರ ಸೊನ್ನೆ.

ಹಾಳೆಯಲ್ಲಿ ಗ್ರಾಫ್ ಮಾತ್ರ ಇನ್ನೂ ಅಂದವಾಗಿಯೇ ಇತ್ತು. ಕೊನೆಯ ಕೆಲವು ಚುಕ್ಕಿಗಳನ್ನು ಒಂಚೂರು ಕೆಳಗಿಳಿಸಿದರೆ ಯಾರಿಗೂ ತಿಳಿಯುವಂತಿರಲಿಲ್ಲ, ಹುದ್ದೆಯೂ ಕೈಗೆ ಬರುತ್ತಿತ್ತು. ರಬ್ಬರ್ ಹಿಡಿದು ಬೀರುವಿನ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ರಬ್ಬರನ್ನು ಅಲ್ಲೇ ಬಿಟ್ಟು, ಹಾಳೆ ಸುತ್ತಿಕೊಂಡು ಮೇಡಂ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಮೇಡಂ ಬಹಳ ಹೊತ್ತು ಹಾಳೆ ನೋಡಿದರು. “ಹೊಗಳೋಕೆ ಮುಂಚೆಯೇ ಮೊದಲ ವಾಕ್ಯ ಬಂತಲ್ಲ, ಆಗಲೇ ಅನುಮಾನ ಬರಬೇಕಿತ್ತು” ಅಂದರು.

“ತಪ್ಪಾಯ್ತು ಮೇಡಂ.”

“ಇರಲಿ.” ಮೇಡಂ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿದರು. “ನಿಮ್ಮ ಯಜಮಾನರು ಅಂಗಡಿ ಎಷ್ಟು ಗಂಟೆಗೆ ತೆರೀತಾರೆ?”

ಮರುದಿನ ಮೇಡಂ ತಮ್ಮ ಯಜಮಾನರನ್ನು ಕರೆದುಕೊಂಡು ಅಂಗಡಿಗೆ ಬಂದರು. ಅವರು ಲೈಬ್ರರಿಯನ್, ಮೌನವೇ ವೃತ್ತಿ. ಟೀಚರಮ್ಮನೂ ಅಲ್ಲಿದ್ದಳು. ಕಿವಿ ಡಾಕ್ಟರ್ ಈಗ ಎಲ್ಲರಿಗೂ ಕಾಣುವಂಥ ದೊಡ್ಡ ಯಂತ್ರವನ್ನೇ ರಾಜಾರೋಷವಾಗಿ ಕಿವಿಗೆ ಏರಿಸಿದ್ದರು. (ಅದನ್ನು ನೋಡಿ ಅಜ್ಜಿಯರಿಗೆ ಅವರ ಮೇಲೆ ಇನ್ನಷ್ಟು ಅಕ್ಕರೆ ಬಂದಿತ್ತು.) ಲೈಬ್ರರಿಯನ್‌ರನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಶುರುವಾಯಿತು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು. ಕೈ ಎದ್ದಿತು. ಸದ್ದು ಕಡಿಮೆ ಮಾಡಿದರು, ಎದ್ದಿತು. ಯಂತ್ರಕ್ಕೆ ಅದಕ್ಕಿಂತ ಕಡಿಮೆ ಮಾಡಲು ಬಾರದ ಸದ್ದಿಗೂ ಎದ್ದಿತು. ಕೊನೆಗೆ ಅವರೇ ಹೊರಗೆ ತಲೆ ಹಾಕಿ, “ಪಕ್ಕದ ಅಂಗಡಿಯ ಗಡಿಯಾರದ ಸದ್ದಿಗೂ ಕೈ ಎತ್ತಬೇಕಾ?” ಅಂದರು.

“ಮೇಡಂ, ಇಂಥಾ ಕಿವಿ ನಾನು ನೋಡೇ ಇಲ್ಲ. ಇವರಿಗೆ ಎಲ್ಲಾ ಕೇಳಿಸುತ್ತೆ” ಅಂದರು ಕಿವಿ ಡಾಕ್ಟರ್.

ಮೇಡಂ ಗಂಡನ ಕಡೆ ನಿಧಾನವಾಗಿ ತಿರುಗಿದರು. “ಎಲ್ಲಾ ಕೇಳಿಸುತ್ತಾ?”

“ಹೂಂ” ಅಂದರು ಲೈಬ್ರರಿಯನ್.

ಮೇಡಂ ಈಗ ಟೀಚರಮ್ಮನ ಕಡೆ ತಿರುಗಿದರು. “ನಿಮ್ಮನೇಲಿ ಸಿಕ್ಕಿದ ಕಾರಣ ನಮ್ಮನೇಲಿ ಇಲ್ಲ. ಇದಕ್ಕೇ ಬಾಹ್ಯ ಸಿಂಧುತ್ವ ಅನ್ನೋದು: ಒಬ್ಬರ ಮೇಲೆ ಕಂಡದ್ದು ಇನ್ನೊಬ್ಬರ ಮೇಲೂ ನಿಲ್ಲುತ್ತಾ ಅಂತ ನೋಡಬೇಕು. ನಿಮ್ಮ ಹೊಗಳಿಕೆ ವಿಧಾನಕ್ಕೆ ಇನ್ನೂ ಸರಿಯಾದ ಪರೀಕ್ಷೆಯೇ ಆಗಿಲ್ಲ. ಪ್ರಾಜೆಕ್ಟ್‌ಗೆ ಇನ್ನೊಂದು ತಿಂಗಳು ಕೊಡ್ತೀನಿ. ನಾಳೆ ಸಂಜೆಯಿಂದ ನಮ್ಮನೆಗೆ ಬನ್ನಿ.”

ಹೀಗೆ ಟೀಚರಮ್ಮ ಈಗ ದಿನಾ ಸಂಜೆ ಮೇಡಂ ಮನೆಯ ಹಾಲ್‌ನ ಮೂಲೆಯಲ್ಲಿ, ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಬೇಸ್‌ಲೈನ್ ನಡೆಯುತ್ತಿದೆ. ಮೇಡಂ ಗಂಡನನ್ನು ಶಾಸ್ತ್ರೋಕ್ತವಾಗಿ ಬೈಯುತ್ತಾರೆ. ಲೈಬ್ರರಿಯನ್ ಪುಟ ಮಗುಚುತ್ತಾರೆ.

ನಿನ್ನೆ ಇದರ ಮಧ್ಯೆ ಅವಳ ಫೋನ್ ನಡುಗಿತು. ಯಜಮಾನರು.

“ಎಷ್ಟು ಹೊತ್ತಿಗೆ ಬರ್ತೀಯ? ಇವತ್ತು ಅಂಗಡಿಯಲ್ಲಿ ಏನಾಯ್ತು ಗೊತ್ತಾ? ಹೇಳೋಣ ಅಂದ್ರೆ ಮನೇಲಿ ಯಾರೂ ಇಲ್ಲ. ನಿನ್ನ ತಮ್ಮ ಫೋನ್ ನೋಡ್ತಾ ಕೂತಿದ್ದಾನೆ, ಅಮ್ಮ ಟಿವಿ ಮುಂದೆ. ಬೇಗ ಬಾ, ನಿನ್ನ ಹತ್ರ ಮಾತಾಡಬೇಕು.”

ಇಷ್ಟು ವರ್ಷ ಕಿವಿಯಾರೆ ಕೇಳಬೇಕೆಂದು ಅವಳು ಹಂಬಲಿಸಿದ್ದ ಮಾತು ಅದು. ಮುಖವೆಲ್ಲ ಅರಳಿತು. ಚೀಲ ಹೆಗಲಿಗೇರಿಸಿ ಮೆಲ್ಲನೆ ಎದ್ದಳು.

“ಎಲ್ಲಿಗೆ?” ಅಂದರು ಮೇಡಂ, ಬೈಗುಳದ ಮಧ್ಯದಿಂದಲೇ.

“ಮನೆಗೆ ಮೇಡಂ. ಯಜಮಾನರು ಮಾತಾಡಬೇಕಂತೆ.”

“ಬೇಸ್‌ಲೈನ್ ಅರ್ಧಕ್ಕೆ ಬಿಟ್ಟು ಹೋಗೋ ಹಾಗಿಲ್ಲ. ಕೂತ್ಕೊಳ್ಳಿ.”

ಟೀಚರಮ್ಮ ಕೂತಳು.